ಬೇಸ್ ಕೇಳದೆ ಬೇಸಿಸ್ಟರ ಬಗ್ಗೆ ಬರೀಬೇಡಿ

ನಮಸ್ಕಾರ. ನೀವು ಕಳಿಸಿದ ‘ಜಗತ್ತಿನ ಸರ್ವಶ್ರೇಷ್ಠ ರಾಕ್ ಗಿಟಾರಿಸ್ಟರು ಮತ್ತು ಬೇಸಿಸ್ಟರು’ ಲೇಖನ ಪೂರ್ತಿ ಓದಿದೆ. ಈಗ ಇದ್ದ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕ್ಲಿಕ್ಕೆ ಆಗುದಿಲ್ಲ. ಮೊದಲೇ ಹೇಳಿಬಿಡ್ತೇನೆ, ಯಾಕಂದ್ರೆ ಎರಡು ಪ್ಯಾರಾ ಹೊಗಳಿ ಮತ್ತೆ ಕೊನೆಗೆ ಇಲ್ಲ ಅನ್ನುದು ನನಗೆ ಸರಿ ಕಾಣುದಿಲ್ಲ. ಆದ್ರೆ ಕಾಸರಗೋಡಿನ ಬದಿಯಡ್ಕದಲ್ಲಿ ಕೂತು ಕನ್ನಡದಲ್ಲಿ ಬೇಸ್ ಗಿಟಾರ್, ಅಂದ್ರೆ ಕೆಳಗಿನ ಸ್ವರದ ಗಿಟಾರ್, ಅದ್ರ ಬಗ್ಗೆ ಬರೀಬೇಕು ಅಂತ ಒಬ್ಬರಿಗೆ ಅನ್ನಿಸಿತಲ್ಲ, ಅದು ನನಗೆ ನಿಜಕ್ಕೂ ಖುಷಿ ಕೊಟ್ಟ ವಿಷಯ, ಹಾಗಾಗಿ ಉದ್ದಕ್ಕೆ ಬರೀತಾ ಇದ್ದೇನೆ, ಸ್ವಲ್ಪ ತಾಳ್ಮೆಯಲ್ಲಿ ಓದಿ.

ನಿಮ್ಮದ್ರಲ್ಲಿ ಇಪ್ಪತ್ತು ಹೆಸರುಂಟು. ಹದಿನೈದು ಗಿಟಾರಿಸ್ಟರು, ಕೊನೆಗೆ ಐದು ಬೇಸಿಸ್ಟರು. ಒಬ್ಬೊಬ್ಬರಿಗೆ ನಾಲ್ಕು ಸಾಲು: ಹುಟ್ಟಿದ್ದೆಲ್ಲಿ, ಬ್ಯಾಂಡ್ ಯಾವುದು, ಆಮೇಲೆ ‘ಗಿಟಾರ್ ಮಾಂತ್ರಿಕ’, ‘ಬೆರಳ ತುದಿಯಲ್ಲಿ ಜಾದೂ’, ‘ಕೇಳುಗರನ್ನು ಬೇರೆಯೇ ಲೋಕಕ್ಕೆ ಕರೆದೊಯ್ಯುವ’. ನೀವೇ ಒಂದು ಕೆಲಸ ಮಾಡಿ ನೋಡಿ. ಲೆಡ್ ಝೆಪೆಲಿನ್ ಬ್ಯಾಂಡಿನ ಜಿಮ್ಮಿ ಪೇಜ್ ಬಗ್ಗೆ ಬರೆದ ನಾಲ್ಕು ಸಾಲನ್ನು ತೆಗ್ದು ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಹೆಸರಿನ ಕೆಳಗೆ ಹಾಕಿ, ಊರು ಮತ್ತು ಬ್ಯಾಂಡಿನ ಹೆಸರು ಮಾತ್ರ ಬದಲಿಸಿ. ಓದುವವರಿಗೆ ಎಂತದೂ ಗೊತ್ತಾಗುದಿಲ್ಲ. ಆದ್ರೆ ಅವರಿಬ್ಬರ ಕೈಗೆ ಅಜಗಜಾಂತರ ಉಂಟಲ್ಲ? ಪೇಜ್ ಸ್ಟುಡಿಯೋದಲ್ಲಿ ಒಂದು ಗಿಟಾರಿನ ಮೇಲೆ ಇನ್ನೊಂದು ಗಿಟಾರ್ ಕೂರಿಸಿ ಕೂರಿಸಿ ದಪ್ಪ ಗೋಡೆ ಕಟ್ಟುವ ಮನುಷ್ಯ, ಗಿಲ್ಮೋರ್ ಒಂದೇ ಸ್ವರವನ್ನು ಹಿಡಿದು ತಂತಿಯನ್ನು ನಿಧಾನಕ್ಕೆ ಎಳೀತಾ ಎಳೀತಾ ಅದು ಮನುಷ್ಯರ ಗಂಟಲಿನ ಹಾಗೆ ಆಗುವವರೆಗೂ ಬಿಡುದಿಲ್ಲ. ಈ ವ್ಯತ್ಯಾಸ ನಿಮಗೆ ಗೊತ್ತುಂಟು ಅಂತ ನನಗೆ ಅನ್ನಿಸ್ತದೆ. ಬರಹದಲ್ಲಿ ಮಾತ್ರ ಬಂದಿಲ್ಲ.

ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ತಾಳಮದ್ದಳೆ ಕೇಳಿ ಬೆಳೆದವರು ನಾವು. ಕರ್ಣಪರ್ವದಲ್ಲಿ ಕರ್ಣನ ಅರ್ಥ ಹೇಳುವವರು ‘ನಾನು ನಂಬರ್ ಒನ್’ ಅಂತ ಹೇಳಿ ಕೂತ್ರೆ ಎದುರು ಕೂತ ಸಭೆ ಎದ್ದು ಚಾ ಕುಡೀಲಿಕ್ಕೆ ಹೋಗ್ತದೆ. ಅವರು ಕವಚ ಕೊಟ್ಟದ್ದನ್ನು ತೆಗೀತಾರೆ, ಶಾಪ ತೆಗೀತಾರೆ, ಶಲ್ಯನ ಮಾತು ತೆಗೀತಾರೆ, ಭಾಗವತರು ಹಾಡಿದ ಪದದ ಒಂದೊಂದು ಎಳೆ ಹಿಡಿದು ವಾದ ಕಟ್ತಾರೆ, ಅರ್ಜುನನ ಅರ್ಥದವರು ಅದೇ ಎಳೆಯಿಂದ ಅದನ್ನು ಒಡೀತಾರೆ. ಯಾರು ದೊಡ್ಡವರು ಅನ್ನುವ ಜಗಳಕ್ಕೆ ಆ ರೀತಿಯ ಸಾಮಾನು ಬೇಕು. ನಿಮ್ಮ ಲೇಖನದಲ್ಲಿ ತೀರ್ಪು ಉಂಟು, ವಾದ ಇಲ್ಲ.

ವಾದದ ಬದಲಿಗೆ ನೀವು ಇಟ್ಟದ್ದು ರೋಲಿಂಗ್ ಸ್ಟೋನ್ ಅನ್ನುವ ಅಮೆರಿಕದ ಸಂಗೀತ ಪತ್ರಿಕೆಯ ಶ್ರೇಷ್ಠ ಗಿಟಾರಿಸ್ಟರ ಪಟ್ಟಿ. ‘ರೋಲಿಂಗ್ ಸ್ಟೋನ್ ಒಪ್ಪಿದ ಮೇಲೆ ಬೇರೆ ಸಾಕ್ಷಿ ಯಾಕೆ’ ಅಂತ ಬರ್ದಿದ್ದೀರಿ. ಬೇಕು. ಅದೇ ಪತ್ರಿಕೆ 2003ರಲ್ಲಿ ಮಾಡಿದ ಪಟ್ಟಿಯಲ್ಲಿ ಎಡ್ಡಿ ವ್ಯಾನ್ ಹೇಲನ್ 70ನೇ ಜಾಗದಲ್ಲಿದ್ರು, 2011ರಲ್ಲಿ 8ಕ್ಕೆ ಬಂದ್ರು. ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ 12ರಲ್ಲಿದ್ದವರು 73ಕ್ಕೆ ಇಳಿದ್ರು. ಕೋಬೇನ್ ತೀರಿಹೋದದ್ದು 1994ರಲ್ಲಿ, ಆ ಎಂಟು ವರ್ಷದಲ್ಲಿ ಅವರು ಬಾರಿಸಿದ್ದು ಎಂತದೂ ಬದಲಾಗ್ಲಿಲ್ಲ. ಬದಲಾದದ್ದು ಪಟ್ಟಿ ಮಾಡಿದವರು: ಮೊದಲನೇದನ್ನು ಡೇವಿಡ್ ಫ್ರಿಕ್ ಅನ್ನುವ ಒಬ್ಬ ವಿಮರ್ಶಕರು ಮಾಡಿದ್ದು, ಎರಡನೇದಕ್ಕೆ ಸಂಗೀತಗಾರರು ಮತ್ತು ತಿಳಿದವರು ಸೇರಿ ಓಟು ಹಾಕಿದ್ದು. ಜಿಮಿ ಹೆಂಡ್ರಿಕ್ಸ್ ಮಾತ್ರ ಎರಡರಲ್ಲೂ, 2023ರ ಹೊಸ ಪಟ್ಟಿಯಲ್ಲೂ ಮೊದಲು. ಅಷ್ಟು ಸಲ ಕೂಡ ಅವರೇ ಯಾಕೆ ಮೊದಲು ಅನ್ನುದು ಒಳ್ಳೆ ಪ್ರಶ್ನೆ, ಅದಕ್ಕೆ ನೀವು ಉತ್ತರ ಹುಡುಕಬೇಕಿತ್ತು.

ಹೆಂಡ್ರಿಕ್ಸ್ ವಿಷಯಕ್ಕೆ ಬಂದದ್ದಕ್ಕೆ ಹೇಳ್ತೇನೆ, ‘ಎಡಗೈಯವರಿಗಾಗಿ ಮಾಡಿದ ಗಿಟಾರ್ ಬಾರಿಸ್ತಿದ್ದರು’ ಅಂತ ಬರ್ದದ್ದು ಸರಿಯಲ್ಲ. ಅವರು ಹೆಚ್ಚಾಗಿ ಬಾರಿಸಿದ್ದು ಬಲಗೈಯವರ ಸ್ಟ್ರಾಟೊಕಾಸ್ಟರ್ ಗಿಟಾರನ್ನೇ, ಉಲ್ಟಾ ಹಿಡಿದು, ತಂತಿಗಳನ್ನು ತನಗೆ ಬೇಕಾದ ಹಾಗೆ ಬದಲಿಸಿ ಕಟ್ಟಿ. ಅದ್ರಿಂದ ತಂತಿಯ ಕಂಪನವನ್ನು ಹಿಡಿಯುವ, ಆ ಗಿಟಾರಿನಲ್ಲಿ ಓರೆಯಾಗಿರುವ ಹಿಂದಿನ ಪಿಕಪ್ ಕೂಡ ಉಲ್ಟಾ ಆಯ್ತು, ದಪ್ಪ ತಂತಿಯ ಸ್ವರ ಸ್ವಲ್ಪ ಚುರುಕಾಗಿ, ಸಪೂರ ತಂತಿಯ ಸ್ವರ ಸ್ವಲ್ಪ ಮೆತ್ತಗೆ ಬರ್ಲಿಕ್ಕೆ ಅದೂ ಒಂದು ಕಾರಣ. ನೋಡಿ, ಈ ಒಂದು ವಿಷಯ ಬರೆದಿದ್ರೆ ‘ಮಾಂತ್ರಿಕ’ ಬೇಕಾಗಿಯೇ ಇರ್ಲಿಲ್ಲ.

ಈಗ ಬೇಸ್. ನನಗೆ ನಿಜವಾಗಿ ಬೇಜಾರಾದ ಜಾಗ ಇದು. ಐದು ಜನರಿಗೆ ಸೇರಿ ಅರ್ಧ ಪುಟ, ಅದ್ರಲ್ಲಿ ಒಂದು ವಾಕ್ಯ ಹೀಗೆ: ‘ಮೆಟಾಲಿಕಾದ 1988ರ ಆಲ್ಬಮ್‌ನಲ್ಲಿ ಕ್ಲಿಫ್ ಬರ್ಟನ್ ಅವರ ಬೇಸ್ ಗುಡುಗಿನಂತೆ ಮೊಳಗುತ್ತದೆ.’ ಮಾರಾಯ್ರೆ, ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರಿನಲ್ಲಿ ಸ್ವೀಡನಿನಲ್ಲಿ ಬಸ್ಸು ಪಲ್ಟಿಯಾಗಿ ತೀರಿಕೊಂಡ್ರು. 1988ರ ಆ ಆಲ್ಬಮ್‌ನಲ್ಲಿ ಬೇಸ್ ಬಾರಿಸಿದ್ದು ಜೇಸನ್ ನ್ಯೂಸ್ಟೆಡ್, ಮತ್ತು ಆ ಆಲ್ಬಮ್‌ಗೆ ಅದ್ರಲ್ಲಿ ಬೇಸ್ ಕೇಳುದಿಲ್ಲ ಅನ್ನುವ ಕುಖ್ಯಾತಿಯೇ ಉಂಟು, ಮಿಕ್ಸಿಂಗಿನಲ್ಲಿ ಅಷ್ಟು ಕೆಳಗೆ ಇಳಿಸಿಬಿಟ್ಟಿದ್ರು, ಇವತ್ತಿಗೂ ಅಭಿಮಾನಿಗಳು ಅದಕ್ಕೆ ಜಗಳ ಮಾಡ್ತಾರೆ. ಇಸವಿ ತಪ್ಪಿದ್ರೆ ತಿದ್ದಬಹುದು. ಆದ್ರೆ ಹೆಚ್ಚುಕಡಿಮೆ ಕೇಳದೇ ಇರುವ ಬೇಸನ್ನು ಗುಡುಗು ಅಂತ ಬರೆದ್ರೆ ಆ ಆಲ್ಬಮ್ ಹಾಕಿ ಕೇಳ್ಲೇ ಇಲ್ಲ ಅಂತ ಆಯ್ತು, ಓದುಗರು ಅಲ್ಲಿಗೆ ನಂಬುದು ಬಿಡ್ತಾರೆ.

ಬಹುಶಃ ನೀವು ಕೇಳುದು ಮೊಬೈಲಿನ ಸ್ಪೀಕರಿನಲ್ಲಿ. ಬೇಸ್ ಗಿಟಾರಿನ ತೀರಾ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸ್ತದೆ, ಮಾಮೂಲು ಗಿಟಾರಿನ ದಪ್ಪ ತಂತಿ ಸುಮಾರು 82 ಸಲ. ಅಂಗೈಯಷ್ಟು ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಹೊರಡಿಸುವ ತಾಕತ್ತೇ ಇಲ್ಲ, ನಿಮಗೆ ಸಿಗುದು ಮೇಲಿನ ಚೂರುಪಾರು ಮಾತ್ರ. ಗಾನಮೇಳದಲ್ಲಿ ಸ್ಟೇಜಿನ ಹತ್ರ ನಿಂತಾಗ ಎದೆಗೆ ಬಂದು ಹೊಡೀತದಲ್ಲ, ಅದು ಮೊಬೈಲಿನಲ್ಲಿ ಬರುದೇ ಇಲ್ಲ. ಒಂದು ಒಳ್ಳೆ ಇಯರ್‌ಫೋನ್ ತಗೊಳ್ಳಿ, ಇಲ್ಲದಿದ್ರೆ ಯಾರದ್ದಾದ್ರೂ ಸಾಲ ತಗೊಳ್ಳಿ. ಆಮೇಲೆ ದಿ ಹೂ ಬ್ಯಾಂಡಿನ 1970ರ ‘ಲೈವ್ ಅಟ್ ಲೀಡ್ಸ್’ ಹಾಕಿ. ಅದ್ರಲ್ಲಿ ಒಂದು ಕಿವಿಗೆ ಜಾನ್ ಎಂಟ್ವಿಸಲ್ ಬೇಸ್ ಬರ್ತದೆ, ಇನ್ನೊಂದು ಕಿವಿಗೆ ಪೀಟ್ ಟೌನ್ಸೆಂಡ್ ಗಿಟಾರ್. ಗಿಟಾರಿನ ಕಿವಿಯದ್ದನ್ನು ತೆಗ್ದು ಒಂದು ಹಾಡು ಪೂರ್ತಿ ಬೇಸ್ ಮಾತ್ರ ಕೇಳಿ, ಮತ್ತೆ ಅದೇ ಹಾಡನ್ನು ಆಚೆ ಕಿವಿಯಲ್ಲಿ. ಆ ಬ್ಯಾಂಡಿನಲ್ಲಿ ಲೀಡ್, ಅಂದ್ರೆ ಮುಖ್ಯ ರಾಗ, ಬಾರಿಸ್ತಾ ಇದ್ದದ್ದು ಯಾರು ಅಂತ ನಿಮಗೇ ಡೌಟು ಬರ್ತದೆ, ಟೌನ್ಸೆಂಡ್ ಎಷ್ಟೋ ಕಡೆ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದು ತಾಳ ಕಾಯ್ತಾ ಇರ್ತಾರೆ, ಓಡಾಟ ಎಲ್ಲ ಕೆಳಗಿನ ತಂತಿಯಲ್ಲಿ. 1965ರಲ್ಲೇ ‘ಮೈ ಜನರೇಶನ್’ ಹಾಡಿನಲ್ಲಿ ಗಿಟಾರ್ ಸೋಲೋ ಬರಬೇಕಾದ ಜಾಗದಲ್ಲಿ ಬೇಸ್ ಸೋಲೋ ಬಾರಿಸಿದವರು ಎಂಟ್ವಿಸಲ್. ನಿಮ್ಮ ಐದು ಜನರಲ್ಲಿ ಎಂಟ್ವಿಸಲ್ ಇದ್ದಾರೆ, ‘ವೇಗದ ಬೇಸಿಸ್ಟ್’ ಅಂತ. ವೇಗ ಅಲ್ಲ ಅಲ್ಲಿ ವಿಷಯ.

ಮತ್ತೆ ಜೇಮ್ಸ್ ಜೇಮರ್ಸನ್ ಹೆಸರೇ ಇಲ್ಲ. ‘ಅವರು ಸೋಲ್ ಸಂಗೀತದವರು, ರಾಕ್ ಅಲ್ಲ’ ಅಂತ ಹೇಳ್ತೀರೇನೋ, ಒಪ್ತೇನೆ, ಆದ್ರೆ ನೀವು ಪಟ್ಟಿಯಲ್ಲಿ ಇಟ್ಟ ಬೀಟಲ್ಸ್‌ನ ಪಾಲ್ ಮ್ಯಾಕಾರ್ಟ್ನಿಯೇ ಅವರಿಂದ ಕಲಿತೆ ಅಂತ ಒಪ್ಪಿಕೊಂಡವರು. ಡೆಟ್ರಾಯಿಟಿನ ಮೋಟೌನ್ ರೆಕಾರ್ಡ್ ಕಂಪೆನಿಯ ಸ್ಟುಡಿಯೋ ಬ್ಯಾಂಡಿನಲ್ಲಿದ್ದ ಜೇಮರ್ಸನ್ ಬಲಗೈಯ ತೋರುಬೆರಳು ಒಂದರಲ್ಲೇ ತಂತಿ ಮೀಟ್ತಿದ್ರು, ಆ ಬೆರಳಿಗೆ ‘ದಿ ಹುಕ್’ ಅಂತಲೇ ಹೆಸರು ಬಿತ್ತು. ಹಳೆ ತಂತಿ ಬದಲಿಸುದೇ ಇಲ್ಲ, ಜಿಡ್ಡು ಹಿಡಿದ ತಂತಿಯ ಆ ಮೊಂಡು ಸದ್ದೇ ಅವರಿಗೆ ಬೇಕಾದದ್ದು. ಎಷ್ಟೋ ಹಿಟ್ ಹಾಡಿನಲ್ಲಿ ಬಾರಿಸಿಯೂ ರೆಕಾರ್ಡಿನ ಕವರಿನಲ್ಲಿ ಹೆಸರಿಲ್ಲ, 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ ಬಂದಾಗ ಹೆಸರು ಹಾಕಿದ್ರು. 1983ರಲ್ಲಿ ತೀರಿಕೊಂಡ್ರು. 2020ರಲ್ಲಿ, ನೀವು ಅಷ್ಟು ನಂಬುವ ಅದೇ ರೋಲಿಂಗ್ ಸ್ಟೋನ್ ಬೇಸಿಸ್ಟರ ಪಟ್ಟಿ ಮಾಡಿ ಮೊದಲ ಜಾಗ ಅವರಿಗೇ ಕೊಟ್ಟಿತು. ಹೆಸರೂ ಹಾಕದೆ ಇಟ್ಟ ಒಬ್ಬ ಮನುಷ್ಯನ ಕೈಯಿಂದ ಇಡೀ ಜಗತ್ತು ಬೇಸ್ ಕಲಿತದ್ದು, ಇದಕ್ಕಿಂತ ದೊಡ್ಡ ಕತೆ ನಿಮ್ಮ ಇಪ್ಪತ್ತರಲ್ಲಿ ಯಾವುದುಂಟು?

ಒಂದುಂಟು, ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿ. ನೀವು ಅವರಿಗೆ ಹದಿನಾಲ್ಕನೇ ಜಾಗ ಕೊಟ್ಟು ‘ಹೆವಿ ಮೆಟಲ್ ಪಿತಾಮಹ’ ಅಂತ ಬರೆದು ಮುಗಿಸಿದ್ದೀರಿ. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ 17 ವರ್ಷದ ಹುಡುಗ, ಕೆಲಸ ಬಿಡುವ ಕೊನೇ ದಿನ, ಮೆಷಿನಿಗೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯ್ತು. ಎಡಚ ಆದ್ದರಿಂದ ಅದು ಅವರಿಗೆ ತಂತಿ ಒತ್ತುವ ಕೈ. ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿ, ಅದ್ರ ಮೇಲೆ ಚರ್ಮ ಅಂಟಿಸಿ, ಸಪೂರ ತಂತಿ ಹುಡುಕಿ ಹಾಕಿ ಬಾರಿಸ್ಲಿಕ್ಕೆ ಶುರು ಮಾಡಿದ್ರು. 1971ರ ಹೊತ್ತಿಗೆ ತಂತಿಯನ್ನೇ ಸಡಿಲ ಮಾಡಿ ಶ್ರುತಿ ಕೆಳಗೆ ಇಳಿಸಿದ್ರು, ಬೇಸಿನ ಗೀಜರ್ ಬಟ್ಲರ್ ಕೂಡ ಜೊತೆಗೆ ಇಳಿಸಿದ್ರು, ಬ್ಲ್ಯಾಕ್ ಸಬ್ಬತ್‌ನ ಆ ಭಾರದ ಸದ್ದು ದಪ್ಪ ಆದದ್ದು ಹಾಗೆ. ಇಷ್ಟೇ ಬರೆದ್ರೂ ಸಾಕಿತ್ತು, ಓದುವವರು ಆವತ್ತು ರಾತ್ರಿಯೇ ಹುಡುಕಿ ಕೇಳ್ತಿದ್ರು.

ಇನ್ನೊಂದು, ಇಪ್ಪತ್ತರಲ್ಲಿ ಒಬ್ಬ ಹೆಂಗಸಿಲ್ಲ. ಲೆಕ್ಕ ಭರ್ತಿಗೆ ಸೇರಿಸಿ ಅಂತ ಹೇಳುದಲ್ಲ. ಸಿಸ್ಟರ್ ರೊಸೆಟ್ಟಾ ಥಾರ್ಪ್ ಚರ್ಚಿನ ಹಾಡಿಗೆ ಇಲೆಕ್ಟ್ರಿಕ್ ಗಿಟಾರ್ ಬಾರಿಸ್ತಾ ಇದ್ದಾಗ ರಾಕ್ ಅನ್ನುವ ಸಂಗೀತವೇ ಇನ್ನೂ ಹುಟ್ಟಿರ್ಲಿಲ್ಲ. 1964ರಲ್ಲಿ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲ್ವೆ ಸ್ಟೇಶನಿನಲ್ಲಿ ಟಿವಿಗಾಗಿ ಬಾರಿಸಿದ ವಿಡಿಯೋ ಸಿಗ್ತದೆ, ಕೋಟು ಹಾಕಿ, ಬಿಳಿ ಗಿಟಾರ್ ಹಿಡಿದು. ನೋಡಿ, ಆಮೇಲೆ ಅವರು ಪಟ್ಟಿಯಲ್ಲಿ ಇರಬೇಕೋ ಬೇಡ್ವೋ ನೀವೇ ಹೇಳಿ. ಬೇಸಿನಲ್ಲಿ ಲಾಸ್ ಏಂಜಲೀಸಿನ ಕರೋಲ್ ಕೇ ಬಾರಿಸಿದ್ದನ್ನೂ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಲೇಖನದಲ್ಲಿ ಜೀವ ಇದ್ದ ಜಾಗ ಹೇಳ್ತೇನೆ. ಕೊನೇ ಪ್ಯಾರಾ. ಜಾತ್ರೆಯ ಗಾನಮೇಳ ಮುಗಿದು ನಿಮ್ಮ ಇಬ್ಬರು ದೋಸ್ತಿಗಳು ಗಿಲ್ಮೋರಾ ವ್ಯಾನ್ ಹೇಲನ್ನಾ ಅಂತ ಒಬ್ಬ ಮಲಯಾಳದಲ್ಲಿ, ಒಬ್ಬ ತುಳುವಿನಲ್ಲಿ ಜಗಳ ಮಾಡ್ತಾ ಕೊನೇ ಬಸ್ಸು ತಪ್ಪಿಸಿಕೊಂಡದ್ದು, ಅಲ್ಲೇ ವಯರ್ ಸುತ್ತುತ್ತಾ ಇದ್ದ ಬೇಸ್ ಬಾರಿಸುವ ಹುಡುಗ ‘ನಮ್ಮನ್ನು ಯಾರೂ ಕೇಳುದಿಲ್ಲ’ ಅಂತ ಹೇಳಿದ್ದು. ಮೂರು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಲ್ಲ, ನಿಮ್ಮ ಲೇಖನ ಶುರುವಾಗಬೇಕಾದದ್ದು ಅಲ್ಲಿಂದ! ಆ ಇಬ್ಬರು ಎಂತ ಎಂತ ಹೇಳಿದ್ರು? ವ್ಯಾನ್ ಹೇಲನ್ ಕಡೆಯವನು 1978ರ ‘ಇರಪ್ಶನ್’ ಗಿಟಾರ್ ಸೋಲೋ ಎತ್ತಿದನಾ, ಎರಡೂ ಕೈಯ ಬೆರಳು ಫ್ರೆಟ್ಟಿನ ಮೇಲೆ ಕುಟ್ಟುದನ್ನು ತೋರಿಸಿದನಾ? ಗಿಲ್ಮೋರ್ ಕಡೆಯವನು ಅದಕ್ಕೆ ಎಂತ ಉತ್ತರ ಕೊಟ್ಟ? ಆ ಮಾತುಗಳನ್ನು ಅವರ ಬಾಯಲ್ಲೇ ಬರೀರಿ, ಸರಿಯಾದದ್ದು ಎಲ್ಲಿ, ಬರೀ ಹಠ ಎಲ್ಲಿ ಅಂತ ನೀವು ಹೇಳಿ. ಹೇಳ್ಲಿಕ್ಕೆ ಹೆದರಬೇಡಿ, ನನ್ನ ಅಭಿಪ್ರಾಯಕ್ಕೆ ವಿರುದ್ಧ ಬಂದ್ರೂ ಹಾಕ್ತೇನೆ, ಕೇಳಿ ಬರೆದಿದ್ರೆ ಆಯ್ತು.

ಆ ಬೇಸ್ ಹುಡುಗ ಇನ್ನೂ ಅದೇ ಟ್ರೂಪಿನಲ್ಲಿ ಇದ್ರೆ ರಿಹರ್ಸಲ್ ದಿನ ಹೋಗಿ ಹತ್ರ ಕೂತುಕೊಳ್ಳಿ. ಇಳಯರಾಜರ ಯಾವುದಾದ್ರೂ ಹಾಡು ಬಾರಿಸುವಾಗ ಒಂದು ಚರಣದಲ್ಲಿ ಬೇಸ್ ನಿಲ್ಲಿಸ್ಲಿಕ್ಕೆ ಹೇಳಿ. ಹಾಡುವವರಿಗೆ ಎಂತ ಆಗ್ತದೆ, ತಬಲದವರು ಯಾರ ಮುಖ ನೋಡ್ತಾರೆ, ಎಲ್ಲ ಬರ್ಕೊಳ್ಳಿ. ಮತ್ತೆ ಒಬ್ಬ ಗಿಟಾರಿಸ್ಟ್, ಒಬ್ಬ ಬೇಸಿಸ್ಟ್, ಎರಡೇ ಹೆಸರು ಆರಿಸಿ. ಉಳಿದ ಹದಿನೆಂಟು ಬೇರೆ ದಿನಕ್ಕೆ ಇರ್ಲಿ. ಸಾವಿರ ಪದ ಸಾಕು, ಹನ್ನೆರಡು ನೂರಾದ್ರೂ ತೊಂದರೆ ಇಲ್ಲ. ಮಳೆಗಾಲದ ಸಂಚಿಕೆಗೆ ಜಾಗ ಇಟ್ಟಿರ್ತೇನೆ. ವಾಟ್ಸ್ಯಾಪಿನಲ್ಲಿ ತುಂಡು ತುಂಡು ಕಳಿಸಬೇಡಿ, ಒಂದೇ ಫೈಲ್ ಮಾಡಿ ಇಮೇಲ್ ಮಾಡಿ, ಸಿಕ್ಕಿದ ದಿನವೇ ಓದಿ ಫೋನ್ ಮಾಡ್ತೇನೆ.