ತಿರಾನಾಗೆ ಬರುವ ಮೊದಲು ಅಗೊನ್ ಚಾನೆಲ್ ಕಥೆ ಕೇಳಿ

ಅಲ್ಬೇನಿಯಾದ ರಾಜಧಾನಿ ತಿರಾನಾದ ಟೀವಿ ಕಂಪನಿಯೊಂದರಲ್ಲಿ ಎಡಿಟಿಂಗ್ ಕೆಲಸ ಸಿಕ್ಕಿದೆ, ಬರಬಹುದಾ, ಅಲ್ಲಿ ಜೀವನ ಹೇಗೆ ಅಂತ ಕೇಳಿದ್ದೀರಿ. ಊರು ಚೆನ್ನಾಗಿದೆ, ಜನ ಒಳ್ಳೆಯವರು. ಆ ಚಿಂತೆ ಬೇಡ. ವಿಚಾರಿಸಬೇಕಾದ್ದು ಕಂಪನಿಯನ್ನು. ಅದಕ್ಕೇ ಅಗೊನ್ ಚಾನೆಲ್ ಕಥೆ ಹೇಳುತ್ತೇನೆ.

ಇಟಲಿಯ ಉದ್ಯಮಿ ಫ್ರಾಂಚೆಸ್ಕೊ ಬೆಕೆಟ್ಟಿ 2013ರಲ್ಲಿ ಇಲ್ಲಿ ಶುರು ಮಾಡಿದ ಖಾಸಗಿ ಅಲ್ಬೇನಿಯನ್ ಚಾನೆಲ್ ಅದು. 2014ರ ಡಿಸೆಂಬರ್ 1ರಂದು ಇಟಾಲಿಯನ್ ಚಾನೆಲ್ಲೂ ಬಂತು. ತಯಾರಾಗುತ್ತಿದ್ದದ್ದು ತಿರಾನಾದಲ್ಲಿ, ನೋಡುತ್ತಿದ್ದವರು ಇಟಲಿಯಲ್ಲಿ. ಇಲ್ಲಿ ಸಂಬಳದ ಖರ್ಚು ಕಡಿಮೆ. ಭಾಷೆಯೂ ತೊಡಕಲ್ಲ. ನಮ್ಮ ಮನೆ ಓನರ್ ತಾಯಿ ಇಟಲಿಗೆ ಕಾಲಿಟ್ಟವರಲ್ಲ, ಆದರೆ ಇಟಾಲಿಯನ್ನು ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾರೆ. ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೋಜಾ ಆಳ್ವಿಕೆಯಲ್ಲಿ ಕದ್ದುಮುಚ್ಚಿ ಆಂಟೆನಾ ತಿರುಗಿಸಿ, ಸೌಂಡ್ ಕಮ್ಮಿ ಮಾಡಿ, ಇಟಲಿಯ ಸರ್ಕಾರಿ ಚಾನೆಲ್ ರಾಯ್ ಟೀವಿ ನೋಡಿ ಕಲಿತದ್ದು.

1991ರ ಆಗಸ್ಟ್‌ನಲ್ಲಿ ವ್ಲೋರಾ ಹಡಗು ಹತ್ತಿ ಸುಮಾರು 20,000 ಅಲ್ಬೇನಿಯನ್ನರು ಇಟಲಿಯ ಬಾರಿ ಬಂದರಿಗೆ ಹೋಗಿದ್ದರು, ಬದುಕು ಹುಡುಕಿಕೊಂಡು. ಅಗೊನ್ ಬಂದ ಮೇಲೆ ಇಟಲಿಯ ಹುಡುಗ ಹುಡುಗಿಯರೇ ಕೆಲಸಕ್ಕೆ ಇಲ್ಲಿಗೆ ಬಂದರು! ಇಲ್ಲಿಯವರಿಗೆ ಅದೆಷ್ಟು ಹೆಮ್ಮೆಯ ವಿಷಯ, ಯೋಚಿಸಿ. ಸಿಮೋನಾ ವೆಂಚುರಾ ಅಂಥ ಹೆಸರಾಂತ ನಿರೂಪಕಿಯೂ ಬಂದರು. ಬೆಕೆಟ್ಟಿ ಲಂಡನ್ನಿನ ಲೇಟನ್ ಓರಿಯಂಟ್ ಫುಟ್‌ಬಾಲ್ ಕ್ಲಬ್ಬನ್ನು ಕೊಂಡಿದ್ದರಲ್ಲ, ಆ ಕ್ಲಬ್ಬಿನ ಮೇಲೇ ಒಂದು ರಿಯಾಲಿಟಿ ಶೋ ಮಾಡಿದರು.

ಆಮೇಲೆ ಎಲ್ಲಾ ಬೇಗ ಬೇಗ ಮುಗಿಯಿತು. 2015ರ ಜೂನ್‌ನಲ್ಲಿ ಇಲ್ಲಿನ ಪ್ರಾಸಿಕ್ಯೂಟರ್‌ಗಳು ಬೆಕೆಟ್ಟಿ ಮೇಲೆ ಅಕ್ರಮ ಹಣ ವರ್ಗಾವಣೆಯ ಆರೋಪ ಹೊರಿಸಿದರು. ಬ್ಯಾಂಕ್ ಖಾತೆಗಳಿಗೆ ತಡೆ ಬಿತ್ತು. ಅಕ್ಟೋಬರ್‌ನಲ್ಲಿ ಚಾನೆಲ್ ಬಂದ್. ಸರ್ಕಾರವನ್ನು ಟೀಕಿಸಿದ್ದಕ್ಕೇ ಹೀಗೆ ಮಾಡಿದರು ಅಂತ ಬೆಕೆಟ್ಟಿ ವಾದಿಸಿದರು. 2019ರಲ್ಲಿ ವಿಶ್ವಬ್ಯಾಂಕಿನ ಹೂಡಿಕೆ ವಿವಾದ ಕೇಂದ್ರದ ನ್ಯಾಯಮಂಡಳಿ, ಅಲ್ಬೇನಿಯಾ ಸರ್ಕಾರ ಸುಮಾರು 11 ಕೋಟಿ ಯುರೋ ಪರಿಹಾರ ಕೊಡಬೇಕು ಅಂತ ತೀರ್ಪಿತ್ತಿತು. ಕೇಸು ಹಾಕಿದ್ದು ಮಾಲೀಕರ ಕಡೆಯವರು, ಪರಿಹಾರವೂ ಅವರಿಗೇ. ಕ್ಯಾಮೆರಾ ಹಿಡಿದವರು, ರಾತ್ರಿಯಿಡೀ ಎಡಿಟ್ ಮಾಡಿದವರು ಆ ಕೇಸಿನಲ್ಲಿ ಇರಲೇ ಇಲ್ಲ. ನನಗೆ ಇದೇ ಜಾಸ್ತಿ ನೋವು ಕೊಡುವ ಸಂಗತಿ.

ನಿಮ್ಮಂಥ ಹೊರದೇಶದವರಿಗೆ ಅಪಾಯ ಇನ್ನೂ ಜಾಸ್ತಿ. ವಾಸದ ಪರ್ಮಿಟ್ ಸಿಗುವುದೇ ಆ ಕೆಲಸದ ಮೇಲೆ, ಅಲ್ವಾ? ಹಾಗಾಗಿ ಸ್ಟುಡಿಯೋ ಫೋಟೋ ನೋಡಿ ಒಪ್ಪಬೇಡಿ. ಮಾಲೀಕರು ಯಾರು, ಟೀವಿ ಬಿಟ್ಟು ಅವರಿಗೆ ಬೇರೆ ಯಾವ ವ್ಯವಹಾರ ಇದೆ, ಸರ್ಕಾರದ ಜೊತೆ ತಕರಾರು ಇದೆಯಾ ವಿಚಾರಿಸಿ. ಸೇರಿದ ಮೇಲೆ ಕಂಪನಿ ನಿಮ್ಮ ಸಾಮಾಜಿಕ ವಿಮೆ ಕಟ್ಟುತ್ತಿದೆಯಾ ಅಂತ ಸರ್ಕಾರದ ಇ-ಅಲ್ಬೇನಿಯಾ ಪೋರ್ಟಲ್‌ನಲ್ಲಿ ನೀವೇ ನೋಡಿಕೊಳ್ಳಿ. ಕೆಲವು ತಿಂಗಳ ಖರ್ಚಿಗೆ ದುಡ್ಡು ಕೈಯಲ್ಲಿರಲಿ.

ಸಹಿ ಹಾಕುವ ಮೊದಲು ಆಫರ್ ಲೆಟರ್ ನನಗೆ ಕಳಿಸಿ. ಅಲ್ಬೇನಿಯನ್‌ನಲ್ಲಿದ್ದರೂ ಪರವಾಗಿಲ್ಲ, ಓದಿ ಹೇಳುತ್ತೇನೆ.