ಕಾಮಣಿಯ ಪಥ್ಯ ಹಿಡಿದ ಫ್ಯಾಟಿ ಲಿವರ್: ಒಂದು ಆಪ್ತಸಲಹೆ ಪ್ರಕರಣ

ಈ ಬರಹಕ್ಕೆ ಸಂಬಂಧಪಟ್ಟ ಕುಟುಂಬದವರ ಒಪ್ಪಿಗೆಯಿದೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮಾರ್ಚ್ ಕೊನೆಯ ವಾರದಲ್ಲಿ 44 ವರ್ಷದ ಗೃಹಸ್ಥರೊಬ್ಬರು ಪತ್ನಿ ಮತ್ತು ತಾಯಿಯ ಜೊತೆ ಆಹಾರದ ಸಲಹೆಗೆಂದು ನನ್ನ ಬಳಿಗೆ ಬಂದರು. ಅವರು ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ಗಂಜ್‌ನಲ್ಲಿರುವ ತೊಗರಿ ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತೊಗರಿಯ ಆವಕ ಜೋರಾಗಿರುವಾಗ ಬೆಳಿಗ್ಗೆ ಒಂಬತ್ತಕ್ಕೆ ಗಾದಿಯ ಮೇಲೆ ಕುಳಿತರೆ ಏಳುವುದು ರಾತ್ರಿ ಹತ್ತಕ್ಕೆ. ಜನವರಿಯಲ್ಲಿ ಹೊಟ್ಟೆನೋವಿಗೆಂದು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಎರಡನೇ ದರ್ಜೆಯ ಫ್ಯಾಟಿ ಲಿವರ್, ಅಂದರೆ ಯಕೃತ್ತಿನಲ್ಲಿ ಮಧ್ಯಮ ಪ್ರಮಾಣದ ಕೊಬ್ಬು, ಕಂಡುಬಂದಿತ್ತು. ವರದಿಯನ್ನು ಕೈಗೆ ಕೊಟ್ಟವರು ಅದರ ಅರ್ಥವೇನೆಂದು ಬಿಡಿಸಿ ಹೇಳಿರಲಿಲ್ಲ. ಮುಂದಿನ ತೊಂದರೆಯೆಲ್ಲ ಹುಟ್ಟಿದ್ದು ಆ ಮೌನದಿಂದಲೇ ಎಂಬುದು ನನ್ನ ಅಭಿಪ್ರಾಯ.

ಕುಳಿತ ಐದು ನಿಮಿಷದಲ್ಲೇ ಪತ್ನಿಯ ಕಣ್ಣು ತುಂಬಿಬಂತು. "ಅಕ್ಕಾರ, ಇವರು ಕುಡಿಯಂಗಿಲ್ಲರಿ. ಖರೇನ ಕುಡಿಯಂಗಿಲ್ಲ. ಆದ್ರ ಲಿವರ್ ಕೆಟ್ಟದ ಅಂದ್ರ ಯಾರ್ ನಂಬ್ತಾರ? ನಮ್ಮಣ್ಣ ಸೇಡಂದಿಂದ ಬಂದು, ಭಾವ ಗಂಜಿನ್ಯಾಗ ಕುಡಿಲಾಕ ಕಲ್ತಾನೇನು ಅಂತ ಕೇಳಿ ಹೋದ್ರು" ಎಂದರು. ಗಂಡ ತಲೆ ಎತ್ತಲಿಲ್ಲ. ಊಟದ ವಿಚಾರಕ್ಕೆ ಹೋಗುವ ಮೊದಲು ಈ ಅವಮಾನವನ್ನು ಇಳಿಸಬೇಕಿತ್ತು, ಏಕೆಂದರೆ ಮನೆಯವರ ಅನುಮಾನದ ಎದುರು ಕುಳಿತು ಉಣ್ಣುವವರಿಗೆ ಯಾವ ಸಲಹೆಯೂ ಹತ್ತುವುದಿಲ್ಲ.

ಹಾಗೆಂದು ಕುಡಿತದ ಪ್ರಶ್ನೆಯನ್ನು ಬಿಡುವಂತಿಲ್ಲ. ಅವರೊಬ್ಬರನ್ನೇ ಕೂರಿಸಿಕೊಂಡು ನೇರವಾಗಿ ಕೇಳಿದೆ, ಇಲ್ಲವೆಂದರು. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳೂ ನೆಗೆಟಿವ್ ಬಂದಿದ್ದವು. ಬಳಿಕ ಮೂವರನ್ನೂ ಕರೆದು ವಿವರಿಸಿದೆ. ಯಕೃತ್ತಿನ ಶೇಕಡಾ 5ಕ್ಕಿಂತ ಹೆಚ್ಚು ಜೀವಕೋಶಗಳಲ್ಲಿ ಕೊಬ್ಬು ಕೂಡಿಕೊಂಡರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. ಒಂದು ಹನಿ ಮದ್ಯ ಮುಟ್ಟದವರಲ್ಲಿಯೂ ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ರಕ್ತದಲ್ಲಿ ಏರಿದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇವುಗಳ ಜೊತೆಗೆ ಅದು ಬರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರವು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಕಾಯಿಲೆಯನ್ನೂ ಸೇರಿಸಿತು. 2023ರಲ್ಲಿ ಅಂತರರಾಷ್ಟ್ರೀಯ ತಜ್ಞರು ಹಳೆಯ ಹೆಸರಿನಲ್ಲಿದ್ದ ಮದ್ಯದ ಉಲ್ಲೇಖವನ್ನು ತೆಗೆದು, ದೇಹದ ಚಯಾಪಚಯದ ದೋಷಕ್ಕೆ ಸಂಬಂಧಿಸಿದ ಕಾಯಿಲೆ ಎಂದೇ ಹೊಸ ಹೆಸರಿಟ್ಟರು. ರೋಗಿಗಳಿಗೆ ಅಂಟುತ್ತಿದ್ದ ಕಳಂಕವೂ ಆ ಬದಲಾವಣೆಗೆ ಒಂದು ಕಾರಣವಾಗಿತ್ತು. ಇದೇ ಮಾತನ್ನು ಫೋನಿನಲ್ಲಿ ನಿಮ್ಮ ಅಣ್ಣನಿಗೂ ಹೇಳುತ್ತೇನೆಂದೆ. ಅವರು ಅಲ್ಲಿಂದಲೇ ಫೋನು ಹಚ್ಚಿದರು, ನಾನು ಮಾತನಾಡಿದೆ.

ಆಮೇಲೆ ಗಂಡ ಬಾಯಿ ಬಿಟ್ಟರು: "ಎಣ್ಣಿ ಬಿಟ್ಟೀನ್ರಿ, ಶೇಂಗಾ ಬಿಟ್ಟೀನ್ರಿ, ತುಪ್ಪ ಅಂತೂ ಮುಟ್ಟೇ ಇಲ್ಲ. ಎರಡ್ ತಿಂಗಳಾಯ್ತು. ಮತ್ತ ಯಾಕ ಕಮ್ಮಿ ಆಗವಲ್ದು?" ವರದಿಗಳನ್ನು ಹೋಲಿಸಿದಾಗ ಅವರ ದೂರು ನಿಜವಾಗಿತ್ತು. ಟ್ರೈಗ್ಲಿಸರೈಡ್ 196ರಿಂದ 238ಕ್ಕೆ ಏರಿತ್ತು, ತೂಕ ಒಂದೂವರೆ ಕಿಲೋ ಹೆಚ್ಚಿ 74 ಆಗಿತ್ತು. ಎತ್ತರ 165 ಸೆಂಟಿಮೀಟರ್, ಸೊಂಟದ ಸುತ್ತಳತೆ 98. ಭಾರತೀಯ ಗಂಡಸರಿಗೆ 90 ದಾಟಬಾರದು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.1 ಇತ್ತು, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಯಕೃತ್ತಿನ ಕಿಣ್ವಗಳೂ ಏರಿದ್ದವು: ಎಎಲ್‌ಟಿ 68, ಎಎಸ್‌ಟಿ 46.

ಎರಡು ತಿಂಗಳು ಏನು ಉಂಡಿರಿ ಎಂದು ಕೇಳಿದಾಗ ಉತ್ತರ ಕೊಟ್ಟವರು ತಾಯಿ. ಲಿವರ್ ಎಂದರೆ ಕಾಮಣಿ (ಕಾಮಾಲೆ) ಎಂದೇ ಅವರು ತಿಳಿದಿದ್ದರು. ತಮ್ಮನು ಸಣ್ಣವನಿದ್ದಾಗ ಅವನಿಗೆ ಬಂದ ಕಾಮಣಿಯನ್ನು ತಮ್ಮ ಅವ್ವ ಹೇಗೆ ವಾಸಿಮಾಡಿದ್ದಳೋ ಅದೇ ಪಥ್ಯವನ್ನು ಮಗನಿಗೆ ಹಿಡಿಸಿದ್ದರು: ಎಣ್ಣೆ ಪೂರ್ತಿ ಬಂದ್, ಅರಗುವುದಿಲ್ಲವೆಂದು ಜೋಳದ ರೊಟ್ಟಿ ಬಂದ್, ಮೂರು ಹೊತ್ತೂ ಮೆತ್ತಗಿನ ಅನ್ನ ಮತ್ತು ತಿಳಿ ಸಾರು, ಬೆಳಿಗ್ಗೆ ಸಂಜೆ ದೊಡ್ಡ ಲೋಟ ಕಬ್ಬಿನ ಹಾಲು, ನಸುಕಿನಲ್ಲಿ ಬೇರಿನ ರಸ. ಬಿಸಿಲಲ್ಲಿ ನಡೆದುಹೋಗಿ ಬಂಡಿಯಿಂದ ಕಬ್ಬಿನ ಹಾಲು ತರುತ್ತಿದ್ದವರೂ ಆ ತಾಯಿಯೇ.

ಇದು ಈ ಒಂದು ಮನೆಯ ತಪ್ಪಲ್ಲ. ನಮ್ಮ ಭಾಗದಲ್ಲಿ ಲಿವರ್ ಎಂದೊಡನೆ ನೆನಪಾಗುವುದು ಕಾಮಣಿಯೊಂದೇ, ಹಾಗಾಗಿ ಪಥ್ಯವೂ ಅದೊಂದೇ. ಕಾಮಣಿಯಲ್ಲಿ ಕಣ್ಣು ಹಳದಿಯಾಗಿ, ಊಟವೇ ಸೇರದೆ ದೇಹ ಬಳಲಿರುತ್ತದೆ, ಹೊಟ್ಟೆಗೆ ಏನಾದರೂ ಇಳಿಯಲೆಂದು ಸಿಹಿ ರಸ ಕೊಡುವ ರೂಢಿ ಬಂದಿರಬೇಕು. ಫ್ಯಾಟಿ ಲಿವರ್‌ನ ಸ್ಥಿತಿ ಇದಕ್ಕೆ ತೀರ ವಿರುದ್ಧವಾದದ್ದು. ಸಕ್ಕರೆಯ ಅರ್ಧ ಪಾಲು ಫ್ರಕ್ಟೋಸ್. ಅದರ ಹೆಚ್ಚಿನ ಭಾಗವನ್ನು ಕರಗಿಸುವ ಹೊಣೆ ಯಕೃತ್ತಿನದೇ, ಅಗತ್ಯಕ್ಕಿಂತ ಹೆಚ್ಚಾದದ್ದನ್ನು ಅದು ಅಲ್ಲಿಯೇ ಕೊಬ್ಬಾಗಿ ಮಾರ್ಪಡಿಸುತ್ತದೆ. ಹೊಟ್ಟೆಯ ಬೊಜ್ಜಿರುವವರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸಮಾಡದೆ, ಮೈಯ ಕೊಬ್ಬು ಸಹ ಕರಗಿ ರಕ್ತದ ಮೂಲಕ ಯಕೃತ್ತಿಗೆ ಬಂದು ಸೇರುತ್ತಿರುತ್ತದೆ. ಎಣ್ಣೆಯನ್ನು ಪೂರ್ತಿ ಬಿಟ್ಟು ಅನ್ನ, ಸಕ್ಕರೆ ಹೆಚ್ಚಿಸಿದರೆ ಕೊಬ್ಬು ಕಡಿಮೆಯಾಗದಿರುವುದು ಇದೇ ಕಾರಣಕ್ಕೆ.

ತಾಯಿಗೆ ಇದನ್ನು ಹೇಳುವುದು ಸುಲಭವಿರಲಿಲ್ಲ. ನಿಮ್ಮ ಆರೈಕೆಯಿಂದಲೇ ಹೆಚ್ಚಾಯಿತೆಂದು ಯಾವ ತಾಯಿಗೂ ಮುಖಕ್ಕೆ ಹೇಳಬಾರದು. ಅವರ ತವರು ಚಿತ್ತಾಪುರದ ಕಡೆಯ ಹಳ್ಳಿ, ನೆಲದೊಳಗಿನ ಕಣಜವಾದ ಹಗೇವಿನಲ್ಲಿ ಜೋಳ ತುಂಬಿದ್ದನ್ನು ಕಂಡವರು. "ಅವ್ವಾರ, ಕಾಮಣಿ ಅಂದ್ರ ಹಗೇವು ಬರಿದಾದಂಗ, ಅದಕ್ಕ ನಿಮ್ಮವ್ವ ತುಂಬಿದ್ರು. ನಿಮ್ಮ ಮಗನ ಹಗೇವು ಬಾಯಿತನಾ ತುಂಬ್ಯದ, ಮ್ಯಾಲ ಮತ್ತ ಸುರಿಲಾಕತ್ತೇವಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ತೆಗೀಬೇಕಲ್ರಿ" ಎಂದರು. ಆ ಕ್ಷಣದಿಂದ ಅವರೇ ನನ್ನ ಬಲಗೈಯಾದರು.

ಎರಡನೇ ಭೇಟಿಗೆ ಮನೆಯ ಸಕ್ಕರೆ ಚಮಚವನ್ನು ತರಲು ಹೇಳಿದ್ದೆ. ತಕ್ಕಡಿಯಲ್ಲಿ ತೂಗಿದಾಗ ತಲೆತುಂಬಿದ ಒಂದು ಚಮಚ 6 ಗ್ರಾಂ ಆಯಿತು. ಮನೆಯ ಎರಡು ಕಪ್ ಚಹಾಕ್ಕೆ ನಾಲ್ಕು ಚಮಚ, ಮಿಲ್ಲಿನ ಐದು ಸಣ್ಣ ಗ್ಲಾಸಿಗೆ ಅಂದಾಜು 40 ಗ್ರಾಂ, ಎರಡು ಲೋಟ ಕಬ್ಬಿನ ಹಾಲಿನಲ್ಲಿ ಕಡಿಮೆಯೆಂದರೂ 60 ಗ್ರಾಂ. ಗಂಡನೇ ಬಿಳಿ ಹಾಳೆಯ ಮೇಲೆ ಒಂದೊಂದೇ ಚಮಚ ಸುರಿಯುತ್ತ ಹೋದರು. ಇಪ್ಪತ್ತೊಂದನೇ ಚಮಚಕ್ಕೆ ಸಕ್ಕರೆ ಹಾಳೆಯ ಅಂಚು ಮೀರಿ ಮೇಜಿಗೆ ಚೆಲ್ಲಿತು. ಹೀಗೆ ಹೊರಗಿನಿಂದ ಬೆರೆಸಿದ ಹಾಗೂ ರಸಗಳಲ್ಲಿರುವ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳಿತು ಎಂಬುದು 2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಿಂದ ಸಿಗುವ ಲೆಕ್ಕ. ಜೀವಮಾನವೆಲ್ಲ ಲೆಕ್ಕ ಬರೆದವರಿಗೆ ನಾನು ಮುಂದೆ ಏನೂ ಹೇಳಬೇಕಾಗಲಿಲ್ಲ. ಮರುದಿನದಿಂದ ಅವರು ಉಂಡದ್ದನ್ನೆಲ್ಲ ಕೆಂಪು ರಟ್ಟಿನ ಕಿರ್ದಿಯೊಂದರಲ್ಲಿ ಬರೆಯತೊಡಗಿದರು.

ಕೊಟ್ಟ ಸಲಹೆಯ ತಿರುಳು ಅವರ ಮನೆಯ ಹಳೆಯ ಊಟಕ್ಕೆ ಮರಳುವುದಾಗಿತ್ತು. ಕಬ್ಬಿನ ಹಾಲು ಅಂದೇ ನಿಂತಿತು. ಬದಲಿಗೆ ಬೆಲ್ಲ ಹಾಕಬಹುದೇ ಎಂದು ತಾಯಿ ಕೇಳಿದರು. ಯಕೃತ್ತಿನ ಮಟ್ಟಿಗೆ ಬೆಲ್ಲಕ್ಕೂ ಸಕ್ಕರೆಗೂ ಹೆಚ್ಚು ಅಂತರವಿಲ್ಲವೆಂದೆ. ಚಹಾ ಏಳರಿಂದ ಎರಡಕ್ಕೆ, ಅದೂ ಅರ್ಧ ಚಮಚ ಸಕ್ಕರೆಯಲ್ಲಿ. ಹಣ್ಣನ್ನು ರಸ ಮಾಡದೆ ಇಡಿಯಾಗಿ ತಿನ್ನಬೇಕು. ಮಧ್ಯಾಹ್ನಕ್ಕೆ ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ ಅಥವಾ ಪುಂಡಿ ಪಲ್ಯ, ಹಸಿ ಸೌತೆಕಾಯಿ, ಉಳ್ಳಾಗಡ್ಡಿ, ಮೊಸರು. ಅನ್ನ ಒಂದು ಸಣ್ಣ ಬಟ್ಟಲು ಸಾಕು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ರೊಟ್ಟಿ ನಿಧಾನವಾಗಿ ಅರಗುವುದು ದೋಷವಲ್ಲ, ಇಲ್ಲಿ ಬೇಕಾದದ್ದೇ ಅದು. ಬೇಳೆಯ ವಿಷಯ ನನಗೆ ಹೆಚ್ಚು ನೋವು ತಂದಿತು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯ ನಡುವೆ ದಿನವಿಡೀ ಕೂರುವವರ ತಾಟಿನಲ್ಲಿ ಬೇಳೆ ಇರುತ್ತಿರಲಿಲ್ಲ, ಬೇಳೆಯ ನೀರಷ್ಟೇ ಇರುತ್ತಿತ್ತು. ದಿನಕ್ಕೆರಡು ಬಟ್ಟಲು ಗಟ್ಟಿ ಬೇಳೆ ಬರೆದೆ.

ಎಣ್ಣೆಯನ್ನು ತಿರುಗಿ ಅಡುಗೆಗೆ ತರಿಸಿದೆ. ಐದು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್ ಮೀರದಂತೆ ನೋಡಿಕೊಂಡರೆ ಸಾಕು. ಶೇಂಗಾ ಹಿಂಡಿ (ಚಟ್ನಿಪುಡಿ) ಎರಡು ಚಮಚ ಇರಲಿ. ಬಿಡಬೇಕಾದದ್ದು ಗಂಜ್‌ನಲ್ಲಿ ಸಂಜೆ ತರಿಸುವ, ಕಾಯಿಸಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದ ಮಿರ್ಚಿ ಭಜಿ. ರಾತ್ರಿ ಊಟ ಎಂಟಕ್ಕೆ, ಹಂಗಾಮಿನಲ್ಲಿ ಡಬ್ಬಿ ಮಿಲ್ಲಿಗೇ ಹೋಗಬೇಕು. ಬಿಸಿಲೇರುವ ಮೊದಲು ಅಪ್ಪನ ಕೆರೆಯ ಕಡೆ ವಾರಕ್ಕೆ ಐದು ದಿನ ಮೂವತ್ತು ನಿಮಿಷ ಬಿರುಸಿನ ನಡಿಗೆ. ಬೇರಿನ ರಸದಲ್ಲಿ ಏನಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಲವು ಗಿಡಮೂಲಿಕೆಗಳೇ ಯಕೃತ್ತಿಗೆ ಪೆಟ್ಟು ಕೊಡುವುದುಂಟಾದ್ದರಿಂದ ನಿಲ್ಲಿಸಿ, ಕುಡಿದ ವಿಷಯವನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸುವಂತೆ ಹೇಳಿದೆ. ವೈದ್ಯರು ವಯಸ್ಸು, ಕಿಣ್ವ ಮತ್ತು ಪ್ಲೇಟ್‌ಲೆಟ್ ಎಣಿಕೆಯಿಂದ ಫಿಬ್-4 ಅಂಕ ತೆಗೆದರು. ಅದು 1.3ರ ಕೆಳಗೆ, 1.07 ಇದ್ದುದರಿಂದ ಯಕೃತ್ತು ಗಡುಸಾಗಿರುವ ಸಂಭವ ಕಡಿಮೆಯೆಂದು ತಿಳಿದು ಎಲ್ಲರಿಗೂ ಉಸಿರು ಬಂತು.

ಗುರಿ ಒಂದೇ: ಆರು ತಿಂಗಳಲ್ಲಿ ಐದೂವರೆ ಕಿಲೋ. ತೂಕದ ಶೇಕಡಾ 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ, 7ರಿಂದ 10ರಷ್ಟು ಇಳಿದರೆ ಉರಿಯೂತವೂ ತಗ್ಗುತ್ತದೆ. ಅವಸರ ಮಾಡಿ ಉಪವಾಸ ಬೀಳಬಾರದು, ತೀರ ವೇಗವಾಗಿ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು, ಯಕೃತ್ತಿಗೂ ಕೇಡು.

ಜುಲೈವರೆಗೆ ಮೂರೂವರೆ ಕಿಲೋ ಇಳಿಯಿತು. ಶ್ರಾವಣದಲ್ಲಿ ನಿಂತುಹೋಯಿತು. ಕಿರ್ದಿ ನೋಡಿದರೆ ಸೋಮವಾರಗಳಂದು ಒಪ್ಪತ್ತು. ಆದರೆ ಹಗಲಿಗೆ ಶಾಬುದಾನಿ ಖಿಚಡಿ, ಬಾಳೆಹಣ್ಣು, ಶೇಂಗಾ ಉಂಡಿ, ಸಕ್ಕರೆ ಹಾಕಿದ ಹಾಲು. ಅವರು ಒಂದನ್ನೂ ಮುಚ್ಚಿಟ್ಟಿರಲಿಲ್ಲ, ಅದನ್ನು ಮೆಚ್ಚಿ ಹೇಳಿದೆ. ವ್ರತ ಬಿಡಿ ಎನ್ನಲು ನನಗೆ ಹಕ್ಕಿಲ್ಲ. ಹಗಲಿಗೆ ಮಜ್ಜಿಗೆ, ಒಂದು ಹಣ್ಣು, ಒಂದು ಹಿಡಿ ಹುರಿದ ಶೇಂಗಾ, ಸಂಜೆ ಪೂಜೆಯ ನಂತರ ರೊಟ್ಟಿ ಬೇಳೆಯ ಊಟ ಎಂದು ಒಪ್ಪಂದವಾಯಿತು.

ಅಕ್ಟೋಬರ್‌ನಲ್ಲಿ ತೂಕ 68.5, ಸೊಂಟ 92, ಎಎಲ್‌ಟಿ 39, ಟ್ರೈಗ್ಲಿಸರೈಡ್ 171, ಎಚ್‌ಬಿಎ1ಸಿ 5.8. ಸ್ಕ್ಯಾನಿಂಗ್‌ನಲ್ಲಿ ಮೊದಲ ದರ್ಜೆ. ಈ ದರ್ಜೆ ನೋಡಿದವರ ಕಣ್ಣಂದಾಜು, ಅದೊಂದನ್ನೇ ನಂಬಬಾರದು ಎಂದೆ. ಸೊಂಟ ಇನ್ನೂ ಎರಡು ಸೆಂಟಿಮೀಟರ್ ಇಳಿಯಬೇಕಿದೆ, ತೊಗರಿಯ ಹಂಗಾಮೂ ಬರಲಿದೆ.

ಹೊರಡುವಾಗ ತಾಯಿ ಎಳ್ಳ ಅಮಾವಾಸ್ಯೆಯ ಮಾತೆತ್ತಿದರು. ಹೊಲಕ್ಕೆ ಚರಗ ಚೆಲ್ಲಲು ಹೋಗಲೇಬೇಕು, ಅಂದು ಮಗನ ತಾಟಿಗೆ ಏನು ಬಡಿಸಲಿ ಎಂದು ಅವರ ಚಿಂತೆ. ಸಜ್ಜಿ ರೊಟ್ಟಿಯನ್ನೂ ಕಾಳು ಸೊಪ್ಪು ಬೇಯಿಸಿದ ಭಜ್ಜಿಯನ್ನೂ ಕೈತುಂಬ ಬಡಿಸಿ, ಶೇಂಗಾ ಹೋಳಿಗೆ ಒಂದೇ ಇರಲಿ ಎಂದೆ. "ಒಂದು ನಾ ನೀಡ್ತೀನ್ರಿ, ಇನ್ನೊಂದು ಸೊಸಿ ನೀಡ್ತಾಳ, ಅಕಿಗೆ ನೀವು ಹೇಳ್ರಿ" ಎಂದರು ತಾಯಿ. ಸೊಸೆಗೂ ಹೇಳಿದೆ.