ಅಪ್ಪಟ ಕನ್ಸರ್ವೇಟಿವ್‌ನ ಹುಡುಕಾಟ: ಬರಹಗಾರರೊಬ್ಬರಿಗೆ ಉತ್ತರ

ನಮಸ್ಕಾರ.

‘ಅಪ್ಪಟ ಕನ್ಸರ್ವೇಟಿವ್ ಯಾರು?’ ಎಂದು, ಅಂದರೆ ಇರುವುದನ್ನು ಕಾಪಾಡಿಕೊಳ್ಳಬೇಕೆನ್ನುವ ರಾಜಕೀಯ ನಿಲುವಿನ ನಿಜವಾದ ಪ್ರತಿನಿಧಿ ಯಾರು ಎಂದು ಕೇಳುವ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ಒಂದು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ನಿಮ್ಮ ಭಾಷೆಯಲ್ಲಿ ಕಸುವಿದೆ, ವಿಷಯದ ಬಗ್ಗೆ ನಿಜವಾದ ಕಾಳಜಿಯಿದೆ. ಜೊತೆಗೆ ಏಳನೇ ಪುಟದಲ್ಲಿ ನೀವು ಕೇಳಿ ಅಲ್ಲಿಯೇ ಬಿಟ್ಟುಹೋದ ಒಂದು ಪ್ರಶ್ನೆಯಿದೆ. ಇಷ್ಟು ಉದ್ದದ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕಾಗಿ.

ಮೊದಲು ತೊಡಕಿನ ಮಾತು. ನೀವು ಐದು ಲಕ್ಷಣಗಳನ್ನು ಪಟ್ಟಿ ಮಾಡಿದ್ದೀರಿ: ಕಡಿಮೆ ತೆರಿಗೆ, ಚಿಕ್ಕ ಸರ್ಕಾರ, ಮುಕ್ತ ಮಾರುಕಟ್ಟೆ, ಧರ್ಮಶ್ರದ್ಧೆ, ಬಲಿಷ್ಠ ಸೇನೆ. ಆಮೇಲೆ ಒಬ್ಬೊಬ್ಬ ನಾಯಕನನ್ನೂ ಆ ಪಟ್ಟಿಯ ಎದುರು ನಿಲ್ಲಿಸಿ, ಇವರು ಅಪ್ಪಟ, ಇವರು ನಕಲಿ ಎಂದು ತೀರ್ಪು ಕೊಡುತ್ತ ಹೋಗಿದ್ದೀರಿ. ಪಟ್ಟಿ ಎಲ್ಲಿಂದ ಬಂತು ಎಂದು ಮಾತ್ರ ಎಲ್ಲಿಯೂ ಹೇಳಿಲ್ಲ. ಕಮ್ಯುನಿಸಂ ವಿರೋಧಿಗಳು, ಮಾರುಕಟ್ಟೆಯ ಪ್ರತಿಪಾದಕರು, ಧರ್ಮನಿಷ್ಠರು ಎರಡನೇ ಮಹಾಯುದ್ಧದ ನಂತರದ ಅಮೆರಿಕದಲ್ಲಿ ಒಂದೇ ರಾಜಕೀಯ ಮೈತ್ರಿಯಾಗಿ ಕೂಡಿದಾಗ ಗಟ್ಟಿಗೊಂಡ ಪಟ್ಟಿ ಅದು. ಆ ಮೈತ್ರಿಗೆ ಅದರದೇ ಚರಿತ್ರೆ, ಅದರದೇ ಅಗತ್ಯಗಳಿದ್ದವು. ಅದನ್ನು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಅಳತೆಗೋಲು ಮಾಡಿದರೆ ಹತ್ತೊಂಬತ್ತನೇ ಶತಮಾನದ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಕೂಡ ಎಡಪಂಥೀಯನಾಗಬೇಕಾಗುತ್ತದೆ. 1878ರಲ್ಲಿ ಸಮಾಜವಾದಿಗಳ ವಿರುದ್ಧ ಕಠಿಣ ಕಾನೂನು ತಂದ ಅದೇ ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಪಿಂಚಣಿ ಜಾರಿಗೆ ತಂದ. ಹಳೆಯ ರಾಜವ್ಯವಸ್ಥೆ ಉಳಿಯಬೇಕಾದರೆ ಕಾರ್ಮಿಕನಿಗೂ ಅದರಲ್ಲಿ ಒಂದು ಪಾಲಿರಬೇಕು ಎಂಬುದು ಅವನ ಲೆಕ್ಕ. ನೀವು ಇದನ್ನು ಒಪ್ಪದಿರಬಹುದು. ಆದರೆ ‘ಕಲ್ಯಾಣ ರಾಜ್ಯ ಎಡಪಂಥದ ಕೂಸು’ ಎಂದು ಒಂದೇ ಉಸಿರಿನಲ್ಲಿ ಬರೆದು ಮುಂದೆ ಹೋಗುವಂತಿಲ್ಲ.

ನಿಮ್ಮ ಇನ್ನೊಂದು ಆಧಾರಸ್ತಂಭ ಮುಕ್ತ ಮಾರುಕಟ್ಟೆಯ ಪ್ರತಿಪಾದಕ, ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್. ಅವರನ್ನು ‘ಕನ್ಸರ್ವೇಟಿವ್ ಚಿಂತನೆಯ ಋಷಿ’ ಎಂದು ಕರೆದಿದ್ದೀರಿ. ತಾನು ಏಕೆ ಕನ್ಸರ್ವೇಟಿವ್ ಅಲ್ಲ ಎಂದು ವಿವರಿಸಲು ಹಯೆಕ್ 1960ರಲ್ಲಿ ಒಂದು ಇಡೀ ಪ್ರಬಂಧವನ್ನೇ ಬರೆದಿದ್ದಾರೆ. ಹೊಸತಕ್ಕೆ ಅಂಜುವುದು, ಅಧಿಕಾರ ತಮ್ಮವರ ಕೈಯಲ್ಲಿದ್ದಾಗ ಅದರ ಬಳಕೆಗೆ ಮಿತಿ ಹಾಕದಿರುವುದು ಅವರು ಎತ್ತಿದ ಮುಖ್ಯ ಆಕ್ಷೇಪಗಳು. ಅವರನ್ನು ಉಲ್ಲೇಖಿಸಲೇಬೇಕೆಂದಿದ್ದರೆ ಈ ಜಗಳವನ್ನೇ ಲೇಖನದೊಳಕ್ಕೆ ತನ್ನಿ. ಮಾರುಕಟ್ಟೆ ಹಳೆಯ ಕಸುಬು, ಹಳೆಯ ಊರು, ಹಳೆಯ ಸಂಬಂಧ ಯಾವುದನ್ನೂ ಇದ್ದಂತೆ ಇರಗೊಡುವುದಿಲ್ಲ. ಅದನ್ನೇ ನೆಚ್ಚಿಕೊಂಡು ಪರಂಪರೆಯನ್ನು ಉಳಿಸುತ್ತೇನೆ ಎನ್ನುವವರು ಈ ಇಕ್ಕಟ್ಟಿಗೆ ಉತ್ತರ ಹೇಳಬೇಕು. ನಿಮ್ಮ ಲೇಖನದಲ್ಲಿ ಎರಡೂ ಅಕ್ಕಪಕ್ಕ ಹಾಯಾಗಿ ಕುಳಿತಿವೆ.

ಹದಿನೆಂಟನೇ ಶತಮಾನದ ಬ್ರಿಟಿಷ್ ಸಂಸದ, ಚಿಂತಕ ಎಡ್ಮಂಡ್ ಬರ್ಕ್ ವಿಷಯದಲ್ಲಿ ಎರಡು ತಪ್ಪುಗಳಿವೆ. ಅವರು ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಸ್ಥಾಪಕರಲ್ಲ. ಅವರಿದ್ದದ್ದು ವಿಗ್ ಪಕ್ಷದಲ್ಲಿ, ತೀರಿಕೊಂಡದ್ದು 1797ರಲ್ಲಿ. ಪಕ್ಷಕ್ಕೆ ಆ ಹೆಸರು ಬಳಕೆಗೆ ಬಂದದ್ದು 1830ರ ದಶಕದಲ್ಲಿ. ಎರಡನೆಯದು ಇನ್ನೂ ದೊಡ್ಡದು: ಅವರು ‘ಬದಲಾವಣೆಯನ್ನೆಲ್ಲ ವಿರೋಧಿಸಿದರು’ ಎಂದಿದ್ದೀರಿ. ಫ್ರಾನ್ಸಿನ ಕ್ರಾಂತಿಯ ವಿರುದ್ಧ 1790ರಲ್ಲಿ ಗುಡುಗಿದ ಬರ್ಕ್, 1775ರಲ್ಲಿ ಅಮೆರಿಕದ ವಸಾಹತುಗಳ ಜೊತೆ ರಾಜಿಯಾಗಿ ಎಂದು ಸಂಸತ್ತಿನಲ್ಲಿ ವಾದಿಸಿದವರು. ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿ ನಡೆಸಿದ ದಬ್ಬಾಳಿಕೆಗಾಗಿ ಅದರ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲೆ 1788ರಿಂದ 1795ರವರೆಗೆ ಮಹಾಭಿಯೋಗ ನಡೆಸಿ ಸೋತವರು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಜನರ ನಡುವೆ ಬೆಳೆದು ಬೇರುಬಿಟ್ಟ ವ್ಯವಸ್ಥೆಯನ್ನು ಯಾರು ಕಿತ್ತರೂ, ಪ್ಯಾರಿಸ್ಸಿನ ಕ್ರಾಂತಿಕಾರಿಯಾಗಲಿ ಕಂಪನಿಯ ಗವರ್ನರ್ ಆಗಲಿ, ಬರ್ಕ್‌ಗೆ ಅದು ಒಂದೇ ಬಗೆಯ ಅಪರಾಧ. ಪಟ್ಟಿಗಿಂತ ಇದು ಎಷ್ಟೋ ಆಳವಾದ ಮಾತು.

ಈಗ ನಿಮ್ಮ ಏಳನೇ ಪುಟಕ್ಕೆ ಬರುತ್ತೇನೆ. ‘ಮೂವತ್ತು ವರ್ಷ ಹಳೆಯದಾದ ಸುಧಾರಣೆಯನ್ನು ಕಿತ್ತುಹಾಕುವವನು ಕನ್ಸರ್ವೇಟಿವೋ, ಉಳಿಸಿಕೊಳ್ಳುವವನು ಕನ್ಸರ್ವೇಟಿವೋ?’ ಎಂದು ಕೇಳಿದ್ದೀರಿ. ಲೇಖನ ಶುರುವಾಗಬೇಕಿದ್ದದ್ದು ಇಲ್ಲಿ. ನೀವು ನಕಲಿ ಎಂದು ತಳ್ಳಿಹಾಕಿದ ಬ್ರಿಟನ್ನಿನ ಕನ್ಸರ್ವೇಟಿವ್ ಪ್ರಧಾನಿ ರಾಬರ್ಟ್ ಪೀಲ್ ಈ ಪ್ರಶ್ನೆಯನ್ನೇ ಬದುಕಿದವರು. 1832ರ ಚುನಾವಣಾ ಸುಧಾರಣೆಯನ್ನು ಅವರು ವಿರೋಧಿಸಿದ್ದರು. ಅದು ಕಾನೂನಾದ ಮೇಲೆ, ತಮ್ಮ ಕ್ಷೇತ್ರ ಟ್ಯಾಮ್‌ವರ್ತ್‌ನ ಮತದಾರರಿಗೆ 1834ರಲ್ಲಿ ಬರೆದ ಪ್ರಣಾಳಿಕೆಯಲ್ಲಿ, ಇದು ಇತ್ಯರ್ಥವಾದ ವಿಷಯ, ಹಿಂದಕ್ಕೆ ತಿರುಗಿಸುವುದಿಲ್ಲ ಎಂದು ಒಪ್ಪಿಕೊಂಡರು. 1846ರಲ್ಲಿ, ಐರ್ಲೆಂಡಿನ ಕ್ಷಾಮದ ನಡುವೆ, ಆಮದು ಧಾನ್ಯದ ಮೇಲೆ ಸುಂಕ ಹಾಕಿ ಭೂಮಾಲೀಕರನ್ನು ಕಾಯುತ್ತಿದ್ದ ಧಾನ್ಯ ಕಾನೂನುಗಳನ್ನು ರದ್ದು ಮಾಡಿದರು. ಅವರ ಪಕ್ಷದ ಹೆಚ್ಚಿನ ಸದಸ್ಯರು ಅವರ ವಿರುದ್ಧವೇ ಮತ ಹಾಕಿದರು, ಪಕ್ಷ ಒಡೆಯಿತು. ಅಂದು ಅವರ ಮೇಲೆ ಹರಿಹಾಯ್ದವರಲ್ಲಿ ಮುಂಚೂಣಿಯಲ್ಲಿದ್ದವರು ಅದೇ ಪಕ್ಷದವರಾಗಿದ್ದು ಮುಂದೆ ಪ್ರಧಾನಿಯಾದ, ನೀವು ಅಪ್ಪಟ ಎಂದು ಕೊಂಡಾಡಿರುವ ಡಿಸ್ರೇಲಿ. ಆ ಡಿಸ್ರೇಲಿ ಕೆಲವೇ ವರ್ಷಗಳಲ್ಲಿ ಧಾನ್ಯ ಕಾನೂನುಗಳ ಮಾತನ್ನೇ ಕೈಬಿಟ್ಟರು. 1866ರಲ್ಲಿ ಲಿಬರಲ್ಲರು ತಂದ ಸಾಧಾರಣ ಮತದಾನ ಸುಧಾರಣೆಯನ್ನು ಸೋಲಿಸಿ, ಮರುವರ್ಷ ಅದಕ್ಕಿಂತ ದೊಡ್ಡದನ್ನು ತಾವೇ ತಂದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮತದಾರರ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅದನ್ನು ಪ್ರತಿಭಟಿಸಿ ಸಂಪುಟದಿಂದ ಹೊರನಡೆದವರಲ್ಲಿ ಒಬ್ಬರು ಮುಂದೆ ಸ್ಯಾಲಿಸ್‌ಬರಿ ಎಂಬ ಹೆಸರಿನಲ್ಲಿ ಕನ್ಸರ್ವೇಟಿವ್ ಪ್ರಧಾನಿಯೇ ಆದರು. ಈ ಮೂವರಲ್ಲಿ ಅಪ್ಪಟರು ಯಾರು? ನನ್ನನ್ನು ಕೇಳಿದರೆ ಪೀಲ್. ಸೋತ ಮೇಲೆ ಸೋಲನ್ನು ವ್ಯವಸ್ಥೆಯ ಭಾಗವೆಂದು ಒಪ್ಪಿಕೊಂಡರು, ಪಕ್ಷಕ್ಕಿಂತ ದೇಶದ ನೆಮ್ಮದಿ ದೊಡ್ಡದೆಂದುಕೊಂಡು ಅದರ ಬೆಲೆಯನ್ನೂ ತೆತ್ತರು. ನೀವು ಬೇರೆ ಉತ್ತರ ಕೊಡಬಹುದು, ಆದರೆ ಕಾರಣ ಕೊಡಬೇಕು.

ಇದೇ ಪ್ರಶ್ನೆ ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಎದ್ದಿತು. 1935ರಲ್ಲಿ ರೂಸ್‌ವೆಲ್ಟ್ ತಂದ ಸಾಮಾಜಿಕ ಭದ್ರತೆಯನ್ನು ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್ 1954ರಲ್ಲಿ ಇನ್ನಷ್ಟು ಜನರಿಗೆ ವಿಸ್ತರಿಸಿದರು. ಅವರದೇ ಪಕ್ಷದ ಬ್ಯಾರಿ ಗೋಲ್ಡ್‌ವಾಟರ್ ಅಂಥ ರಾಜಿಯನ್ನು ಕಟುವಾಗಿ ಟೀಕಿಸಿದರು. 1964ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರಿಗೆ ಒಲಿದದ್ದು ಆರು ರಾಜ್ಯಗಳು ಮಾತ್ರ. ಆದರೂ ಮುಂದಿನ ಪೀಳಿಗೆಯ ಕನ್ಸರ್ವೇಟಿವರು ಹಿಡಿದದ್ದು ಅವರ ದಾರಿಯನ್ನೇ. ಬ್ರಿಟನ್ನಿನಲ್ಲಿ 1979ರಲ್ಲಿ ಅಧಿಕಾರಕ್ಕೆ ಬಂದ ಥ್ಯಾಚರ್ ಸರ್ಕಾರಿ ಉದ್ದಿಮೆಗಳನ್ನು ಮಾರತೊಡಗಿದಾಗ, ಅದೇ ಪಕ್ಷದ ಮಾಜಿ ಪ್ರಧಾನಿ ಮ್ಯಾಕ್‌ಮಿಲನ್ 1985ರಲ್ಲಿ ಅದನ್ನು ಕಷ್ಟಕ್ಕೆ ಬಿದ್ದ ಮನೆತನವೊಂದು ಬೆಳ್ಳಿ ಸಾಮಾನು ಮಾರುವುದಕ್ಕೆ ಹೋಲಿಸಿದರು. ಒಂದೇ ಪಕ್ಷ, ಇಬ್ಬರು ಪ್ರಧಾನಿಗಳು, ಒಬ್ಬರಿಗೆ ಬಿಡುಗಡೆ ಎನಿಸಿದ್ದು ಇನ್ನೊಬ್ಬರಿಗೆ ನಷ್ಟ. ನಿಮ್ಮ ಪಟ್ಟಿಗೆ ಈ ಭಿನ್ನಾಭಿಪ್ರಾಯವನ್ನು ವಿವರಿಸುವ ಶಕ್ತಿಯಿಲ್ಲ.

ನನ್ನ ತಿಳಿವಳಿಕೆಯನ್ನೂ ಹೇಳಿಬಿಡುತ್ತೇನೆ. ಬ್ರಿಟಿಷ್ ತತ್ತ್ವಚಿಂತಕ ಮೈಕಲ್ ಓಕ್‌ಶಾಟ್ 1956ರಲ್ಲಿ ಕನ್ಸರ್ವೇಟಿವ್ ನಿಲುವನ್ನು ಒಂದು ಮತಸಿದ್ಧಾಂತಕ್ಕಿಂತ ಮನೋಧರ್ಮವೆಂದು ವಿವರಿಸಿದರು. ಕೈಯಲ್ಲಿರುವ ಪರಿಚಿತ ಒಳಿತಿನ ಮೇಲೆ ಪ್ರೀತಿ, ಕಾಣದ ಪರಿಪೂರ್ಣತೆಯ ಮೇಲೆ ಅನುಮಾನ. ನಾನು ಇದಕ್ಕೆ ಒಂದು ಮಾತು ಸೇರಿಸುತ್ತೇನೆ: ಬದಲಾವಣೆ ಬೇಕೆನ್ನುವವರೇ ಅದರ ಅಗತ್ಯವನ್ನು ಸಾಬೀತು ಮಾಡಬೇಕು ಎಂದು ಕೇಳುವವನು ಕನ್ಸರ್ವೇಟಿವ್. ಹಾಗೆ ಕೇಳುವ ಹಕ್ಕಿನ ಜೊತೆಗೆ ಒಂದು ಹೊಣೆಯೂ ಅವನ ಹೆಗಲೇರುತ್ತದೆ. ಸಾಬೀತಾಗುವವರೆಗೆ ಕಾಯುವ ಕಷ್ಟ ಯಾರದು ಎಂದು ಅವನು ಹೇಳಬೇಕು.

ನಿಮ್ಮ ಲೇಖನದ ದೊಡ್ಡ ಕೊರತೆ ಇದೇ. ನಿಮ್ಮ ವಿರೋಧಿಗಳು ಬರೀ ಘೋಷಣೆ ಕೂಗುವ ಹುಡುಗರು. ಅವರಲ್ಲಿ ಒಬ್ಬ ಬುದ್ಧಿವಂತನನ್ನಾದರೂ ಮಾತಾಡಿಸಿ. ಅವನು ನಿಮಗೆ 1792ರ ಕಥೆ ಹೇಳುತ್ತಾನೆ. ಗುಲಾಮರ ವ್ಯಾಪಾರ ನಿಲ್ಲಿಸಬೇಕೆಂಬ ನಿರ್ಣಯ ಬ್ರಿಟಿಷ್ ಸಂಸತ್ತಿನ ಮುಂದೆ ಬಂದಾಗ ಸಚಿವ ಹೆನ್ರಿ ಡುಂಡಾಸ್ ಅದಕ್ಕೆ ತಿದ್ದುಪಡಿ ತಂದರು: ನಿಲ್ಲಿಸೋಣ, ಆದರೆ ಕ್ರಮೇಣ. ಸದನ ಒಪ್ಪಿತು. ವ್ಯಾಪಾರ ನಿಂತದ್ದು 1807ರಲ್ಲಿ. ಗುಲಾಮಗಿರಿಯನ್ನೇ ರದ್ದು ಮಾಡಿದ 1833ರ ಕಾಯ್ದೆ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಗುಲಾಮರಿಗೆ ಒಂದು ಕಾಸೂ ಸಿಗಲಿಲ್ಲ. ಅವರಲ್ಲಿ ಹೆಚ್ಚಿನವರು ‘ಅಪ್ರೆಂಟಿಸ್’ ಎಂಬ ಹೊಸ ಹೆಸರಿನಲ್ಲಿ 1838ರವರೆಗೆ ಅದೇ ಮಾಲೀಕರಿಗೆ ದುಡಿಯಬೇಕಾಯಿತು. ‘ನಿಧಾನವೇ ವಿವೇಕ’ ಎಂದು ನೀವು ಮೂರನೇ ಪುಟದಲ್ಲಿ ಬರೆದ ಸಾಲನ್ನು, ಹಡಗಿನ ತಳದಲ್ಲಿ ಸರಪಳಿಯಲ್ಲಿದ್ದ ಮನುಷ್ಯನನ್ನು ಎದುರಿಗಿಟ್ಟುಕೊಂಡು ಮತ್ತೆ ಓದಿ. ಇದಕ್ಕೆ ಕನ್ಸರ್ವೇಟಿವ್ ಉತ್ತರವೇ ಇಲ್ಲ ಎಂದು ನಾನು ಭಾವಿಸಿಲ್ಲ. ಯಾವ ಕ್ರೌರ್ಯಕ್ಕೆ ಹಳೆತನದ ರಕ್ಷಣೆ ಸಲ್ಲದು, ಆ ಗೆರೆಯನ್ನು ಎಳೆಯುವ ಬೆಳಕು ಪರಂಪರೆಯ ಒಳಗಿನಿಂದಲೇ ಬರುತ್ತದೆಯೇ ಎಂಬುದನ್ನು ನೀವು ಯೋಚಿಸಿ ಬರೆಯಬೇಕು. ಹೇಸ್ಟಿಂಗ್ಸ್ ವಿಚಾರಣೆಯ ಬರ್ಕ್ ಇಲ್ಲಿ ನಿಮಗೆ ನೆರವಾಗಬಹುದು.

ಭಾಷೆಯ ಬಗ್ಗೆ ಹೆಚ್ಚಿಲ್ಲ. ‘ನಿಸ್ಸಂಶಯವಾಗಿ’, ‘ಎಲ್ಲರಿಗೂ ತಿಳಿದಿರುವಂತೆ’ ಎಂದು ಬರೆದ ಕಡೆಗಳಲ್ಲೆಲ್ಲ ವಾದ ಸೊರಗಿದೆ, ಹುಡುಕಿ ತೆಗೆಯಿರಿ. ಕೊನೆಯ ಎರಡು ಪುಟಗಳಲ್ಲಿ ಓದುಗರಿಗೆ ಕರೆಕೊಡುವ ಮಾತುಗಳಿಗೂ ಕತ್ತರಿ ಹಾಕಿ.

ಏಳನೇ ಪುಟದ ಪ್ರಶ್ನೆಯಿಂದ ಶುರುಮಾಡಿ, ಈಗಿನ ಅರ್ಧದಷ್ಟು ಉದ್ದದಲ್ಲಿ ಮತ್ತೆ ಬರೆದು ಕಳಿಸಿ. ನನ್ನ ನಿಲುವಿಗೆ ವಿರುದ್ಧವಾಗಿ ಬರೆದರೂ ಅಡ್ಡಿಯಿಲ್ಲ. ಪೀಲ್ ಬಗ್ಗೆ ನಾನು ಹೇಳಿದ್ದು ತಪ್ಪೆಂದು ನೀವು ತೋರಿಸಿಕೊಟ್ಟರೆ ಅದನ್ನು ಸಂತೋಷದಿಂದ ಅಚ್ಚು ಹಾಕಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ